ಭುಜದ ನೋವಿಗೆ ಕುತ್ತಿಗೆಯಲ್ಲಿ ತಡೆ

ಮೊಣಕಾಲಿನ ಕೀಲು ಬದಲಿಸಿಕೊಂಡವರು ಚಿಕ್ಕಮಗಳೂರಿನಲ್ಲಿ ಈಗ ಅಪರೂಪವಲ್ಲ. ಅವರ ಅನುಭವ ಕೇಳಿಕೊಂಡು ಬಂದ ರೋಗಿಗಳು ಭುಜದ ಕೀಲು ಬದಲಾವಣೆಗೆ ಮುನ್ನ ಅರಿವಳಿಕೆ ವೈದ್ಯರಾದ ನಮ್ಮನ್ನು ಮೊದಲು ಕೇಳುವುದು, ‘ಬೆನ್ನಿಗೇ ಇಂಜೆಕ್ಷನ್ ಕೊಡ್ತೀರಲ್ವಾ?’ ಎಂದು. ಬೆನ್ನಿನ ಚುಚ್ಚುಮದ್ದು ಹೊಟ್ಟೆಯ ಕೆಳಭಾಗವನ್ನೂ ಕಾಲುಗಳನ್ನೂ ಮರಗಟ್ಟಿಸುತ್ತದೆ. ಭುಜದ ನರಗಳು ಹೊರಡುವುದು ಕುತ್ತಿಗೆಯಿಂದ. ಆ ಮದ್ದನ್ನು ಅಷ್ಟು ಎತ್ತರಕ್ಕೆ ಏರಿಸಿದರೆ ಉಸಿರಾಟಕ್ಕೂ ರಕ್ತದೊತ್ತಡಕ್ಕೂ ಕುತ್ತು ಬರುತ್ತದೆ. ಆದ್ದರಿಂದ ನಾವು ಕುತ್ತಿಗೆಯ ಪಕ್ಕದಲ್ಲೇ, ಭುಜದ ನರಗಳಿಗೆ ಮಾತ್ರ ತಡೆಯೊಡ್ಡುತ್ತೇವೆ. ಹೆಚ್ಚಿನವರಿಗೆ ಇದರ ಜೊತೆಗೆ ಹಗುರವಾದ ಪೂರ್ಣ ಅರಿವಳಿಕೆಯನ್ನೂ ಕೊಡುತ್ತೇವೆ.

ಕುತ್ತಿಗೆಯ ಐದನೆಯ ನರದಿಂದ ಎದೆಯ ಮೊದಲನೆಯ ನರದವರೆಗಿನ ಐದು ಬೇರುಗಳು ಹೆಣೆದುಕೊಂಡು ಇಡೀ ತೋಳನ್ನು ಆಳುವ ಬ್ರೇಕಿಯಲ್ ಪ್ಲೆಕ್ಸಸ್ ಎಂಬ ನರಜಾಲವಾಗುತ್ತವೆ. ಇವುಗಳಲ್ಲಿ ಭುಜದ ಕೀಲಿನ ನೋವನ್ನು ಮುಖ್ಯವಾಗಿ ಹೊರುವುದು ಐದು ಮತ್ತು ಆರನೆಯ ಬೇರುಗಳು. ಅವು ಸ್ಕೇಲೀನ್ ಎಂಬ ಎರಡು ಸ್ನಾಯುಗಳ ನಡುವಿನ ಸಂದಿಯಲ್ಲಿ, ಚರ್ಮದಿಂದ ಒಂದೆರಡು ಸೆಂಟಿಮೀಟರ್ ಆಳದಲ್ಲೇ ಸಿಗುತ್ತವೆ. ಅಮೆರಿಕದ ವೈದ್ಯ ಆಲನ್ ವಿನ್ನಿ 1970ರಲ್ಲಿ ಈ ಸಂದಿಯಲ್ಲೇ ತಡೆಯೊಡ್ಡುವ ಇಂಟರ್‌ಸ್ಕೇಲೀನ್ ಬ್ಲಾಕ್ ವಿಧಾನವನ್ನು ವಿವರಿಸಿದಾಗ, ವೈದ್ಯರು ಆ ಸಂದಿಯನ್ನು ಬೆರಳಿನಿಂದ ತಡವಿ ಹುಡುಕಬೇಕಿತ್ತು. ಇಂದು ಅಲ್ಟ್ರಾಸೌಂಡ್ ಪರದೆಯ ಮೇಲೆ ಅದು ಕಣ್ಣೆದುರಿಗೇ ಇರುತ್ತದೆ: ಬೂದು ಬಣ್ಣದ ಸ್ನಾಯುಗಳ ನಡುವೆ, ಗೆರೆಯಲ್ಲಿ ಕಚ್ಚಿಕೊಂಡ ಮೆಣಸಿನ ಕಾಳುಗಳಂತೆ, ಒಂದರ ಕೆಳಗೊಂದು ಎರಡು ಮೂರು ಕಪ್ಪು ದುಂಡುಗಳು. ಸೂಜಿಯ ತುದಿ ಅವುಗಳ ಪಕ್ಕಕ್ಕೆ ಬಂದು ಮದ್ದು ಇಳಿದಾಗ, ಆ ಕಾಳುಗಳ ಸುತ್ತ ಕಪ್ಪು ನೀರು ಹರಡಿದಂತೆ ಕಾಣುತ್ತದೆ.

ನೋವಿನ ಸುದ್ದಿ ನರದಲ್ಲಿ ವಿದ್ಯುತ್ ಅಲೆಯಾಗಿ ಸಾಗುತ್ತದೆ. ಅದು ಮುಂದೆ ಸಾಗಬೇಕಾದರೆ ನರದ ಪೊರೆಯಲ್ಲಿರುವ ಸೋಡಿಯಂ ಬಾಗಿಲುಗಳು ತೆರೆದುಕೊಳ್ಳಬೇಕು. ಬುಪಿವಕೇನ್, ರೋಪಿವಕೇನ್ ಮುಂತಾದ ಮದ್ದುಗಳು ಈ ಬಾಗಿಲುಗಳನ್ನು ಮುಚ್ಚಿಡುತ್ತವೆ. ಮೂಳೆಯನ್ನು ಕತ್ತರಿಸಿ, ಕೊರೆದು, ಲೋಹದ ಕೀಲನ್ನು ಕೂರಿಸುವ ನೋವು ಮಿದುಳನ್ನು ತಲುಪುವುದೇ ಇಲ್ಲ. ಮಾರ್ಫಿನ್ ಜಾತಿಯ ಔಷಧಿಗಳು ಬಹಳ ಕಡಿಮೆ ಸಾಕಾಗುತ್ತವೆ; ಅವುಗಳಿಂದ ಬರುವ ವಾಂತಿ, ಮಂಪರು, ವಯಸ್ಸಾದವರ ಗಲಿಬಿಲಿ ಅಷ್ಟರಮಟ್ಟಿಗೆ ತಪ್ಪುತ್ತವೆ. ಮದ್ದು ರಕ್ತನಾಳದೊಳಕ್ಕೆ ಹೋದರೆ ಫಿಟ್ಸ್ ಬರಬಹುದು, ಹೃದಯದ ಲಯ ತಪ್ಪಬಹುದು. ಅದಕ್ಕಾಗಿಯೇ ಸ್ವಲ್ಪ ಸ್ವಲ್ಪವಾಗಿ, ನೋಡಿ ನೋಡಿ ಕೊಡುತ್ತೇವೆ.

ನಮ್ಮ ಜಿಲ್ಲೆಯಲ್ಲಿ ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡುವುದು ರೋಗಿಯ ಉಸಿರು. ಉಸಿರಾಟದ ಮುಖ್ಯ ಸ್ನಾಯುವಾದ ವಪೆಯನ್ನು ಆಡಿಸುವ ಫ್ರೆನಿಕ್ ನರ ಹುಟ್ಟುವುದೂ ಕುತ್ತಿಗೆಯ ಮೂರು, ನಾಲ್ಕು, ಐದನೆಯ ಬೇರುಗಳಿಂದಲೇ. ಅದು ಈ ಸಂದಿಯ ತೀರ ಹತ್ತಿರದಲ್ಲಿ ಹಾದುಹೋಗುತ್ತದೆ. 20 ಮಿಲಿಲೀಟರ್ ಮದ್ದು ಕೊಡುತ್ತಿದ್ದ ಹಳೆಯ ರೂಢಿಯಲ್ಲಿ ಹೆಚ್ಚುಕಡಿಮೆ ಎಲ್ಲರಲ್ಲೂ ಆ ಬದಿಯ ವಪೆ ಕೆಲವು ಗಂಟೆ ಸುಮ್ಮನಾಗುತ್ತಿತ್ತು. ಗಟ್ಟಿ ಶ್ವಾಸಕೋಶದವರಿಗೆ ಅದು ಅರಿವಿಗೇ ಬಾರದು. ಆದರೆ ಮೂವತ್ತು ನಲವತ್ತು ವರ್ಷ ಸೌದೆ ಒಲೆಯ ಹೊಗೆ ಕುಡಿದ ತೋಟದ ಹೆಂಗಸರಿಗೆ, ಬೀಡಿ ಸೇದಿದ ಗಂಡಸರಿಗೆ, ಅರ್ಧ ವಪೆಯ ಬಲವನ್ನು ಕಳೆದುಕೊಳ್ಳುವ ಐಷಾರಾಮವಿಲ್ಲ. ಅಂಥವರಿಗೆ ಮದ್ದಿನ ಪ್ರಮಾಣವನ್ನು ಇಳಿಸುತ್ತೇವೆ, ಇಲ್ಲವೇ ಫ್ರೆನಿಕ್ ನರದಿಂದ ದೂರ ಸರಿದು, ಭುಜದ ಹಿಂಬದಿಯ ಸುಪ್ರಾಸ್ಕ್ಯಾಪ್ಯುಲರ್ ನರವನ್ನೂ ಕಂಕುಳಿನ ಆಕ್ಸಿಲರಿ ನರವನ್ನೂ ಬೇರೆಬೇರೆಯಾಗಿ ತಡೆಯುತ್ತೇವೆ. ನೋವಿನ ತಡೆ ತುಸು ಕಡಿಮೆಯಾಗಬಹುದು; ಉಸಿರು ಉಳಿಯುತ್ತದೆ. ಈ ಕೊಡುಕೊಳ್ಳುವಿಕೆ ಸರಿಯೆಂದೇ ನನ್ನ ನಂಬಿಕೆ.

ಮನೆಯವರಿಗೆ ಮೊದಲೇ ಹೇಳಬೇಕಾದ ಮಾತುಗಳೂ ಇವೆ. ತಡೆ ಕೊಟ್ಟ ಬದಿಯ ಕಣ್ಣಿನ ರೆಪ್ಪೆ ಜೋಲಬಹುದು, ದನಿ ಒಡೆಯಬಹುದು. ಹೇಳದಿದ್ದರೆ ಲಕ್ವ ಹೊಡೆಯಿತೆಂದು ಗಾಬರಿಯಾಗುತ್ತಾರೆ. ಮರಗಟ್ಟಿದ ಕೈಗೆ ಬಿಸಿ ಕಾಫಿಯ ಲೋಟ ಕೊಡಬಾರದು, ಸುಟ್ಟರೂ ತಿಳಿಯುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಮೊದಲ ರಾತ್ರಿ. ಬೆಳಿಗ್ಗೆ 10ಕ್ಕೆ ಕೊಟ್ಟ ಒಂದೇ ಚುಚ್ಚುಮದ್ದಿನ ಬಲ ಸಾಮಾನ್ಯವಾಗಿ ನಡುರಾತ್ರಿಯ ಆಸುಪಾಸಿನಲ್ಲಿ ತೀರುತ್ತದೆ, ಅದುವರೆಗೆ ತಡೆದಿದ್ದ ನೋವು ಒಮ್ಮೆಲೇ ನುಗ್ಗುತ್ತದೆ. ಸಣ್ಣ ನಳಿಕೆಯೊಂದನ್ನು ನರದ ಪಕ್ಕದಲ್ಲೇ ಬಿಟ್ಟು ಎರಡು ಮೂರು ದಿನ ಮದ್ದು ಹರಿಸುವುದು ಒಂದು ದಾರಿ. ನಳಿಕೆಯಿಲ್ಲದವರಿಗೆ ತಡೆ ಸಡಿಲುವ ಮೊದಲೇ ಪ್ಯಾರಾಸಿಟಮಾಲ್ ಮತ್ತು ಇತರ ನೋವುನಿವಾರಕಗಳನ್ನು ಶುರುಮಾಡಬೇಕು.

ಮೂಡಿಗೆರೆ ಕಡೆಯ ಅಜ್ಜಿಯೊಬ್ಬರು ಜಾರಿ ಬಿದ್ದು ಭುಜದ ಮೂಳೆ ಮುರಿದುಕೊಂಡು ಬಂದಿದ್ದರು. ಶಸ್ತ್ರಕ್ರಿಯೆಯಾದ ಸಂಜೆ ನೋವಿಲ್ಲದೆ ನಗುತ್ತಾ ಕುಳಿತಿದ್ದ ಅವರು, ಮಾತ್ರೆ ಹಿಡಿದು ಬಂದ ಮಗಳಿಗೆ ‘ನೋವೇ ಇಲ್ವಲ್ಲೇ, ಯಾಕೆ?’ ಎಂದರು. ‘ನೋವು ಬರೋಕೆ ಮುಂಚೆನೇ ತಗೋಬೇಕಂತೆ ಕಣವ್ವ’ ಎಂದು ಮಗಳು ನುಂಗಿಸಿದಳು. ರಾತ್ರಿ ಹನ್ನೊಂದೂವರೆಗೆ ನಾನು ಹೋಗಿ ನೋಡಿದಾಗ ಅಜ್ಜಿ ಹೆಬ್ಬೆರಳನ್ನೂ ತೋರುಬೆರಳನ್ನೂ ಮೆಲ್ಲನೆ ಆಡಿಸುತ್ತಿದ್ದರು, ಮದ್ದು ಇಳಿಯತೊಡಗಿತ್ತು. ‘ಸ್ವಲ್ಪ ಭಾರ ಐತೆ ಡಾಕ್ಟ್ರೇ, ತಡ್ಕೋಬೋದು’ ಎಂದು ಕಣ್ಣು ಮುಚ್ಚಿದರು.