ಕವಾಟದ ಡಬ್ಬಿಯಲ್ಲಿ ಸಿಕ್ಕ ಇಲಿ

ಕಲಬುರಗಿಯ ಬಿರುಬಿಸಿಲಿನ ಒಂದು ಮಧ್ಯಾಹ್ನ ಲ್ಯಾಬಿಗೆ ಸಣ್ಣ ಡಬ್ಬಿ ಬಂತು. ಒಳಗೆ ಫಾರ್ಮಲಿನ್‌ನಲ್ಲಿ, ಅಂದರೆ ಅಂಗ ಕೊಳೆಯದಂತೆ ಇಡುವ ದ್ರಾವಣದಲ್ಲಿ, ಮುಳುಗಿದ ಮೈಟ್ರಲ್ ಕವಾಟ. ಹೃದಯದ ಎಡಭಾಗದ ಈ ಕವಾಟವನ್ನು ಆಪರೇಷನ್‌ನಲ್ಲಿ ತೆಗೆದಿದ್ದರು. ಚಿಕ್ಕಂದಿನ ರುಮ್ಯಾಟಿಕ್ ಜ್ವರದಿಂದ ಹಾಳಾದದ್ದು. ತೆಳ್ಳಗೆ ಮೆತ್ತಗೆ ಇರಬೇಕಾದದ್ದು ಖಡಕ್ ರೊಟ್ಟಿಯ ಹಾಗೆ ಸೆಟೆದುಕೊಂಡಿತ್ತು. ಅಂಥವನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆದರೆ ಡಬ್ಬಿಯ ತಳದಲ್ಲಿ ಜೋಳದ ಕಾಳಿನಷ್ಟು ಒಂದು ಕಂದು ಚೂರೂ ಇತ್ತು.

ಚೂರನ್ನು ಮೇಣದಲ್ಲಿ ಕೂರಿಸಿ, 4 ಮೈಕ್ರಾನ್ ದಪ್ಪಕ್ಕೆ ಸೀಳಿ, ಬಣ್ಣ ಹಾಕಿದೆವು. ಮರುದಿನ ಸ್ಲೈಡ್ ನೋಡಿದ ನಮ್ಮ ಪಿಜಿ ಹುಡುಗ ತಲೆ ಎತ್ತಿ, "ಸರ್, ಅಡಿನೋಕಾರ್ಸಿನೋಮಾ ಇದ್ದಂಗ ಕಾಣ್ತದ್ರಿ" ಅಂದ. ಗ್ರಂಥಿಯ ಕೋಶಗಳಿಂದ ಹುಟ್ಟುವ ಕ್ಯಾನ್ಸರ್ ಅದು.

ಅವನನ್ನು ಬೈಯುವಂತಿಲ್ಲ. ಜೀವಕೋಶಗಳು ಗುಂಪುಗುಂಪಾಗಿ ಕೂತಿದ್ದವು, ನಡುನಡುವೆ ಗ್ರಂಥಿಯಂಥ ಖಾಲಿ ಜಾಗ. ಎಲ್ಲಿಂದಲೋ ಹರಡಿ ಬಂದ ಕ್ಯಾನ್ಸರ್ ಅನ್ನಿಸುವುದು ಸಹಜ. ಆದರೆ ಕವಾಟಕ್ಕೆ ಕ್ಯಾನ್ಸರ್ ಹರಡುವುದು ತೀರಾ ಅಪರೂಪ, ಅಲ್ವಾ? ಅಲ್ಲೇ ಸ್ವಲ್ಪ ತಡೆಯಬೇಕು.

"ರಕ್ತನಾಳ ಎಲ್ಲದ, ತೋರಿಸು" ಅಂದೆ. ಹುಡುಕಿದ, ಸಿಗಲಿಲ್ಲ. ಗಡ್ಡೆ ಬೆಳೆಯಬೇಕಾದರೆ ಅದಕ್ಕೆ ರಕ್ತ ಬೇಕು, ಒಂದು ಹಂದರ ಬೇಕು. ಇಲ್ಲಿ ಎರಡೂ ಇಲ್ಲ. ಕೋಶಗಳು ಫೈಬ್ರಿನ್ ಅಂಟಿನಲ್ಲಿ, ಅಂದರೆ ರಕ್ತ ಹೆಪ್ಪುಗಟ್ಟಿಸುವ ಎಳೆಗಳಲ್ಲಿ, ಸುಮ್ನೆ ಸಿಕ್ಕಿಕೊಂಡಿದ್ದವು. ಹೆಚ್ಚಿನವು ಹಿಸ್ಟಿಯೋಸೈಟ್‌ಗಳು, ಅಂದರೆ ದೇಹದ ಕಸ ಬಳಿಯುವ ಕೋಶಗಳು. ಅವುಗಳ ನ್ಯೂಕ್ಲಿಯಸ್ ಅಲಸಂದಿ ಕಾಳಿನಂತೆ ಬಾಗಿರುತ್ತದೆ. ಉಳಿದವು ಹೃದಯದ ಹೊರಚೀಲದ ಒಳಮೈಯಿಂದ ಉದುರಿದ ಮೀಸೋಥೀಲಿಯಲ್ ಕೋಶಗಳು.

ಈ ಎರಡನೆಯ ಜಾತಿಯೇ ಮೋಸ ಮಾಡುವುದು. ಅನುಮಾನ ಬಂತೆಂದು ಸೈಟೋಕೆರಾಟಿನ್ ಅನ್ನುವ ಪ್ರೋಟೀನ್ ಇದ್ದ ಕೋಶಕ್ಕೆ ಕಂದು ಬಣ್ಣ ಹಿಡಿಸುವ ಸ್ಟೇನ್ ಒಂದನ್ನೇ ಹಾಕಿದರೆ ಕಥೆ ಕೆಟ್ಟಿತು. ಕ್ಯಾನ್ಸರ್ ಕೋಶವೂ ಅದರಲ್ಲಿ ಕಂದಾಗುತ್ತದೆ, ಮೀಸೋಥೀಲಿಯಲ್ ಕೋಶವೂ ಕಂದಾಗುತ್ತದೆ. ಅರ್ಧ ಪರೀಕ್ಷೆ ಮಾಡುವುದಕ್ಕಿಂತ ಮಾಡದಿರುವುದೇ ವಾಸಿ ಅನ್ನುವ ಜಾಗ ಇದು. ಜೊತೆಗೆ ಕ್ಯಾಲ್ರೆಟಿನಿನ್ ಮತ್ತು ಸಿಡಿ68 ಅನ್ನುವ ಇನ್ನೆರಡು ಸ್ಟೇನ್ ಹಾಕಬೇಕು. ಹಾಕಿದೆವು. ಮೊದಲನೆಯದು ಮೀಸೋಥೀಲಿಯಲ್ ಕೋಶಗಳನ್ನು, ಎರಡನೆಯದು ಹಿಸ್ಟಿಯೋಸೈಟ್‌ಗಳನ್ನು ತೋರಿಸಿಕೊಟ್ಟಿತು.

ಇಂಥ ಚೂರಿಗೆ 1994ರಲ್ಲಿ ಒಂದು ಉದ್ದನೆಯ ಇಂಗ್ಲಿಷ್ ಹೆಸರು ಬಂತು. ಅದರ ಮೊದಲಕ್ಷರ ಕೂಡಿಸಿದರೆ 'ಮೈಸ್', ಅಂದರೆ ಇಲಿಗಳು! ಬೆಟ್ಟ ಅಗೆದು ಇಲಿ ಹಿಡಿಯುವುದು ಅಂದರೆ ಇದೇ ನೋಡಿ. ಇಲ್ಲಿ ಮಾತ್ರ ಇಲಿ ಸಿಕ್ಕಿದ್ದಕ್ಕೆ ಖುಷಿಪಡಬೇಕು.

ಇದು ಹೃದಯದೊಳಗೆ ಹೇಗೆ ಬಂತು? ಆಪರೇಷನ್ ಹೊತ್ತಿನಲ್ಲಿ ರಕ್ತ ಹೀರುವ ಸಕ್ಷನ್ ನಳಿಕೆಯಲ್ಲಿ ಉದುರಿದ ಕೋಶಗಳೆಲ್ಲ ಉಂಡೆಕಟ್ಟಿ ಒಳಗೆ ಬೀಳುತ್ತವೆ ಅನ್ನುವವರು ಜಾಸ್ತಿ. ಮೊದಲೇ ಹೃದಯದೊಳಗೆ ಹಾಕಿದ ಕ್ಯಾಥೆಟರ್ ಅನ್ನುವ ತೆಳು ನಳಿಕೆಯ ತುದಿ ಗೀರಿದ್ದರಿಂದ ಅನ್ನುವವರೂ ಇದ್ದಾರೆ.

ರಿಪೋರ್ಟಿನಲ್ಲಿ ಚೂರಿನ ಆ ಉದ್ದನೆಯ ಹೆಸರು ಬರೆದು, ಕೆಳಗೆ 'ಇದು ಕ್ಯಾನ್ಸರ್ ಅಲ್ಲ, ಚಿಕಿತ್ಸೆ ಬೇಡ' ಅಂತ ಬಿಡಿಸಿ ಬರೆದೆ. ಸರ್ಜನ್‌ಗೆ ಫೋನೂ ಮಾಡಿದೆ. ಆದರೂ ಮೂರನೇ ದಿನ ಪೇಷೆಂಟ್ ಮಗ ಮೊಬೈಲಿನಲ್ಲಿ ರಿಪೋರ್ಟಿನ ಫೋಟೋ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ. ಇಂಗ್ಲಿಷಿನಲ್ಲಿ ಬರೆದಿದ್ದೆನಲ್ಲ, ಅವನಿಗೆ ಅರ್ಥವಾದದ್ದು ಕ್ಯಾನ್ಸರ್ ಅನ್ನುವ ಒಂದೇ ಪದ.

"ಸಾಹೇಬ್ರ, ನಮ್ಮವ್ವಗ ಕ್ಯಾನ್ಸರ್ ಅದ ಏನ್ರಿ?"

"ಇಲ್ಲಪ್ಪಾ. ಅದು ಕಸದ ಉಂಡಿ, ತೆಗದಾಯ್ತು."

"ಮತ್ತ ಅದಕ್ಕ ಗುಳಗಿ?"

"ಅದಕ್ಕೇನೂ ಬ್ಯಾಡ. ಹೊಸಾ ಕವಾಟ ಹಾಕ್ಯಾರಲ್ಲ, ಅದಕ್ಕ ರಕ್ತ ತೆಳ್ಳಗ ಮಾಡೋ ಗುಳಗಿ ಕೊಟ್ಟಾರ. ಅದನ್ನ ಒಂದು ದಿನಾನೂ ಬಿಡಸಬ್ಯಾಡ."