ನವೆಂಬರ್‌ನಿಂದ ಮಾರ್ಚ್‌ವರೆಗಿನ ಕೂಲಿ

1830ರಲ್ಲಿ ಇಂಗ್ಲೆಂಡಿನ ಹೊಲಗೂಲಿಗಳು ಎದ್ದ ‘ಸ್ವಿಂಗ್ ದಂಗೆ’ಯ ಮಾತು ಬಂದಾಗಲೆಲ್ಲ ಉತ್ತರಪತ್ರಿಕೆಗಳಲ್ಲೂ ಭಾಷಣಗಳಲ್ಲೂ ಒಂದೇ ವಾಕ್ಯ ಕಾಣಿಸುತ್ತದೆ: ಹೊಸ ಯಂತ್ರಕ್ಕೆ ಹೆದರಿದ ಓದುಬರಹವಿಲ್ಲದ ಕೂಲಿಗಳು ಅದನ್ನು ಒಡೆದುಹಾಕಿದರು. ಎಷ್ಟು ಸಲ ತಿದ್ದಿದರೂ ಮತ್ತೆ ಅದೇ. ಆದ್ದರಿಂದ ಉಳಿದದ್ದನ್ನು ಬದಿಗಿಟ್ಟು ಇದೊಂದನ್ನೇ ಬಿಡಿಸಿ ಹೇಳುತ್ತೇನೆ.

ಒಡೆದದ್ದು ಯಾವ ಯಂತ್ರ, ಯಾವ ತಿಂಗಳಲ್ಲಿ ಎಂದು ಮೊದಲು ಕೇಳಿ. ಬಹುಪಾಲು ಒಕ್ಕಣೆ ಯಂತ್ರಗಳೇ. ಮೊದಲನೆಯದು ಪುಡಿಯಾದದ್ದು ಆಗಸ್ಟ್ 28ರ ರಾತ್ರಿ, ಕೆಂಟ್ ಜಿಲ್ಲೆಯ ಕ್ಯಾಂಟರ್ಬರಿ ಹತ್ತಿರದ ಲೋವರ್ ಹಾರ್ಡ್ರೆಸ್‌ನಲ್ಲಿ. ಅಕ್ಟೋಬರ್ ಮೂರನೇ ವಾರದ ಹೊತ್ತಿಗೆ ಪೂರ್ವ ಕೆಂಟ್‌ ಒಂದರಲ್ಲೇ ನೂರಕ್ಕೂ ಹೆಚ್ಚು ಮುರಿದುಬಿದ್ದಿದ್ದವು. ಅಂದರೆ ಸುಗ್ಗಿ ಮುಗಿದು ಒಕ್ಕಣೆ ಶುರುವಾಗುವ ಮುಂಚೆ.

ಸುಗ್ಗಿಯಲ್ಲಿ ಹೆಂಗಸರು ಮಕ್ಕಳಿಗೂ ಕೆಲಸ ಸಿಗುತ್ತಿತ್ತು. ಚಳಿ ಬಂದು ನೆಲ ಹೆಪ್ಪುಗಟ್ಟಿದರೆ ಉಳಿಯುತ್ತಿದ್ದ ದೊಡ್ಡ ಕೆಲಸ ಒಕ್ಕಣೆ. ಸಿವುಡುಗಳನ್ನು ಮಾಡಿನಡಿಯ ಕಣದಲ್ಲಿ ಹರಡಿ, ತೊಗಲಿನಿಂದ ಜೋಡಿಸಿದ ಎರಡು ಕೋಲುಗಳ ಬಡಿಗೆಯಿಂದ ದಿನವಿಡೀ ಬಡಿಯಬೇಕು. ಧೂಳು, ಬೆನ್ನುನೋವು, ಇಷ್ಟಪಟ್ಟು ಮಾಡುವ ಕೆಲಸವೇನಲ್ಲ. ಆದರೆ ಧಾನ್ಯ ಬೆಳೆಯುವ ಜಿಲ್ಲೆಗಳಲ್ಲಿ ವರ್ಷದ ದುಡಿಮೆಯ ಸುಮಾರು ಕಾಲುಭಾಗ ಇದೇ ಆಗಿತ್ತು. ಕುದುರೆ ತಿರುಗಿಸುವ ಯಂತ್ರವೊಂದು ಬಾಡಿಗೆಗೆ ಊರಿಗೆ ಬಂದರೆ ಆ ಕಾಲುಭಾಗ ಹೋಯಿತು, ಅದೂ ಬೇರೆ ಕೆಲಸವೇ ಇಲ್ಲದ ತಿಂಗಳುಗಳಲ್ಲಿ.

ಪ್ಯಾರಿಷ್‌ನ, ಅಂದರೆ ಚರ್ಚಿನ ಸುತ್ತಲಿನ ಊರಾಡಳಿತದ, ಬಡವರ ನಿಧಿ ಇತ್ತಲ್ಲ ಎಂದು ಕೆಲವರು ಕೇಳುತ್ತಾರೆ. ಇತ್ತು. ಅದರ ಲೆಕ್ಕವನ್ನೂ ನೋಡೋಣ. 1795ರಲ್ಲಿ ಬರ್ಕ್‌ಶೈರ್‌ನ ನ್ಯಾಯಾಧಿಕಾರಿಗಳು ಸ್ಪೀನ್‌ಹ್ಯಾಮ್‌ಲ್ಯಾಂಡ್‌ನಲ್ಲಿ ಸೇರಿ ಒಂದು ದರಪಟ್ಟಿ ಮಾಡಿದರು. ಸುಮಾರು 4 ಕಿಲೋ ತೂಗುವ ರೊಟ್ಟಿಗೆ 1 ಶಿಲಿಂಗ್ ಬೆಲೆ ಇದ್ದಾಗ ಗಂಡಸಿಗೆ ವಾರಕ್ಕೆ 3 ಶಿಲಿಂಗ್, ಹೆಂಡತಿಗೂ ಪ್ರತಿ ಮಗುವಿಗೂ ಒಂದೂವರೆ. ಮೂರು ಮಕ್ಕಳಿದ್ದರೆ ಮನೆಗೆ 9 ಶಿಲಿಂಗ್. ಕೆಲಸಕ್ಕಿಟ್ಟುಕೊಂಡ ರೈತ ಕೂಲಿಯಾಗಿ 6 ಕೊಟ್ಟರೆ ಉಳಿದ 3 ಪ್ಯಾರಿಷ್‌ನದು. 8 ಕೊಟ್ಟರೆ 1. ಕೂಲಿ ಏರಿದರೂ ಇಳಿದರೂ ಮನೆಗೆ ಬರುವುದು ಅಷ್ಟೇ. ಇದು ಇಡೀ ದೇಶದ ಕಾನೂನಾಗಿರಲಿಲ್ಲ. ಊರಿಂದೂರಿಗೆ ದರ ಬೇರೆಯಿತ್ತು, ಮುಂದೆ ಹಲವೆಡೆ ಕಡಿತವೂ ಆಯಿತು. ಕೂಲಿ ಕುಸಿಯಲು ಇದೇ ಕಾರಣವೇ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ನಾನೂ ಅಷ್ಟು ದೂರ ಹೋಗುವುದಿಲ್ಲ.

ಆದರೆ ಆ ನಿಧಿಗೆ ತೆರಿಗೆ ಕಟ್ಟುತ್ತಿದ್ದವರಲ್ಲಿ ಅದೇ ರೈತರೂ ಇದ್ದರು. ಯಂತ್ರದ ಬಾಡಿಗೆ ಒಂದು ಕಡೆ, ಕೆಲಸ ಕಳೆದುಕೊಂಡವರ ಹೊಟ್ಟೆಗೆ ತೆರಿಗೆ ಇನ್ನೊಂದು ಕಡೆ. ಅದಕ್ಕೇ ಎಷ್ಟೋ ರೈತರು ಗುಂಪನ್ನು ತಡೆಯಲಿಲ್ಲ. ಕೆಲವರು ತಾವೇ ಯಂತ್ರ ಬಿಚ್ಚಿಟ್ಟರು. ಕೆಂಟ್‌ನಲ್ಲಿ ಮೊದಲು ವಿಚಾರಣೆಗೆ ಬಂದವರಿಗೆ ನ್ಯಾಯಾಧಿಕಾರಿ ಸರ್ ಎಡ್ವರ್ಡ್ ನ್ಯಾಚ್‌ಬುಲ್ ಬರೀ ಮೂರು ದಿನದ ಸಜೆ ಕೊಟ್ಟರು. ಯಂತ್ರದ್ವೇಷವಷ್ಟೇ ಆಗಿದ್ದರೆ ಈ ಮೆದುತನ ಎಲ್ಲಿಂದ ಬರಬೇಕು?

ಬೇಡಿಕೆಗಳೂ ಯಂತ್ರಕ್ಕೇ ನಿಲ್ಲಲಿಲ್ಲ. ದಿನಕ್ಕೆ 2 ಶಿಲಿಂಗ್, ಕೆಲವೆಡೆ ಎರಡೂವರೆ. ಪಾದ್ರಿಯ ದಶಾಂಶ ತೆರಿಗೆಯಲ್ಲಿ ಕಡಿತ. ಸಸೆಕ್ಸ್‌ನ ಬ್ರೀಡ್‌ನಲ್ಲಿ ಬಡವರ ನಿಧಿಯ ಅಧಿಕಾರಿಯೊಬ್ಬ ನೆರವು ಕೇಳಿ ಬಂದವರಿಂದ ಗಾಡಿ ಎಳೆಸುತ್ತಿದ್ದ. ನವೆಂಬರ್ 5ರಂದು ಜನ ಅವನನ್ನು ಅದೇ ಗಾಡಿಯಲ್ಲಿ ಕೂರಿಸಿ ಊರಗಡಿಯಾಚೆ ಬಿಟ್ಟುಬಂದರು. ಯಾರಲ್ಲಿ ಏನು ಕೇಳಬೇಕು, ಯಾರನ್ನು ಹೊರಗೆ ಕಳಿಸಬೇಕು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ದಂಗೆಗೆ ಹೆಸರು ಕೊಟ್ಟ, ಬೆದರಿಕೆ ಪತ್ರಗಳ ಕೆಳಗೆ ಸಹಿಯಾಗಿ ಬರುತ್ತಿದ್ದ ‘ಕ್ಯಾಪ್ಟನ್ ಸ್ವಿಂಗ್’ ಎಂಬ ನಾಯಕ ಮಾತ್ರ ಎಲ್ಲೂ ಇರಲಿಲ್ಲ. ದಯವಿಟ್ಟು ಅವನ ಜೀವನಚರಿತ್ರೆ ಹುಡುಕಬೇಡಿ.

ಗುಂಪಿನ ಕೈಯಲ್ಲಿ ಒಬ್ಬರೂ ಸಾಯಲಿಲ್ಲ. ಆದರೂ 19 ಜನರನ್ನು ಗಲ್ಲಿಗೇರಿಸಿದರು, ಸುಮಾರು 480 ಜನರನ್ನು ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡಿದರು. ಹ್ಯಾಂಪ್‌ಶೈರ್‌ನ ಹೆನ್ರಿ ಕುಕ್ ಶ್ರೀಮಂತನೊಬ್ಬನ ಮೇಲೆ ಸುತ್ತಿಗೆ ಬೀಸಿದಾಗ ಅವನಿಗೆ ಪ್ರಾಣಾಪಾಯವೇನೂ ಆಗಲಿಲ್ಲ. ಕುಕ್‌ನನ್ನು 1831ರ ಜನವರಿಯಲ್ಲಿ ನೇಣಿಗೆ ಹಾಕಿದರು. ಹುಡುಗನಿಗೆ 19 ವರ್ಷ. ಇತ್ತ ದಕ್ಷಿಣದ ಎಷ್ಟೋ ಊರುಗಳಲ್ಲಿ ರೈತರು ಆ ಯಂತ್ರವನ್ನು ಮತ್ತೆ ತರಲು ವರ್ಷಗಟ್ಟಲೆ ಹಿಂಜರಿದರು. ಚಳಿಗಾಲದ ಕಣಗಳಲ್ಲಿ ಬಡಿಗೆಯ ಸದ್ದು ಮತ್ತೆ ಕೇಳುತ್ತಿತ್ತು.