ಸರ್ವರ್ ಬೋರ್ಡ್ ಎದ್ದೇಳಲು ಯಾಕಿಷ್ಟು ಹೊತ್ತು?

ಎಎಂಡಿಯ ಎಪಿಕ್ ಅಥವಾ ಇಂಟೆಲ್‌ನ ಝಿಯಾನ್ ಪ್ರೊಸೆಸರಿನ ಬಳಸಿದ ಸರ್ವರ್ ಬೋರ್ಡ್ ತಂದು ವರ್ಕ್‌ಸ್ಟೇಷನ್ ಕಟ್ಟಿಕೊಂಡವರಿಗೆ ಮೊದಲ ದಿನವೇ ದಿಗಿಲಾಗುತ್ತದೆ. ಗುಂಡಿ ಒತ್ತಿದರೆ ಫ್ಯಾನ್‌ಗಳು ಒಮ್ಮೆ ಜೋರಾಗಿ ತಿರುಗುತ್ತವೆ, ಪರದೆ ಮಾತ್ರ ಕಪ್ಪು. ಒಂದು ನಿಮಿಷ ಕಳೆಯುತ್ತದೆ, ಎರಡು ಕಳೆಯುತ್ತದೆ. ಕೆಟ್ಟಿದೆ ಎಂದುಕೊಂಡು ಗುಂಡಿಯನ್ನು ನಾಲ್ಕು ಸೆಕೆಂಡ್ ಒತ್ತಿ ಹಿಡಿದು ಆರಿಸುತ್ತಾರೆ, ಮತ್ತೆ ಹಾಕುತ್ತಾರೆ; ಕಾಯುವುದು ಮತ್ತೆ ಮೊದಲಿನಿಂದ ಶುರು. ಬೋರ್ಡನ್ನು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗೆ ವಾಪಸು ಒಯ್ಯುವ ಮೊದಲು ಒಮ್ಮೆ ಫೋನಿನ ಸ್ಟಾಪ್‌ವಾಚ್ ಹಿಡಿದು, ಅದರಷ್ಟಕ್ಕೆ ಅದನ್ನು ಬಿಟ್ಟು ನೋಡಿ. ಆ ಎರಡು ಮೂರು ನಿಮಿಷಗಳಲ್ಲಿ ಹಲವು ಬೇರೆ ಬೇರೆ ಕೆಲಸಗಳು ನಡೆಯುತ್ತಿರುತ್ತವೆ. ಯಾವುದು ಎಷ್ಟು ಹೊತ್ತು ತಿಂದಿತು ಎಂದು ತಿಳಿಯದೆ ಬಯಾಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್‌ಗಳಿರುವ ತಂತ್ರಾಂಶ) ಕೈಯಾಡಿಸಬಾರದು.

ಮೊದಲನೆಯದು ಬಿಎಂಸಿ, ಅಂದರೆ ನೆಟ್‌ವರ್ಕ್ ಮೂಲಕ ದೂರದಿಂದಲೇ ಬೋರ್ಡನ್ನು ಆನ್-ಆಫ್ ಮಾಡುವ, ಅದರ ಮೇಲೆ ನಿಗಾ ಇಡುವ ಮೇಲ್ವಿಚಾರಕ. ಸರ್ವರ್ ಬೋರ್ಡ್ ಮೇಲೆ ಎಎಸ್‌ಪೀಡ್ ಎಎಸ್‌ಟಿ2500 ಅಥವಾ ಎಎಸ್‌ಟಿ2600 ಎಂಬ ಸಣ್ಣ ಚಿಪ್ ಇರುತ್ತದೆ. ಅದು ತನ್ನದೇ ಪ್ರೊಸೆಸರ್, ತನ್ನದೇ ಮೆಮೊರಿ ಇರುವ ಪ್ರತ್ಯೇಕ ಕಂಪ್ಯೂಟರ್. ಬಹುತೇಕ ಬೋರ್ಡ್‌ಗಳಲ್ಲಿ ಅದರೊಳಗೆ ಓಡುವುದು ಪುಟ್ಟ ಲಿನಕ್ಸ್. ಗೋಡೆಯ ಸ್ವಿಚ್ ಹಾಕಿದ ಕೂಡಲೇ, ನೀವು ಪವರ್ ಗುಂಡಿ ಮುಟ್ಟುವ ಮೊದಲೇ, ಎಸ್‌ಎಂಪಿಎಸ್‌ನ 5 ವೋಲ್ಟ್ ಸ್ಟ್ಯಾಂಡ್‌ಬೈ ತಂತಿಯ ಕರೆಂಟಿನಲ್ಲಿ ಅದು ಬೂಟ್ ಆಗತೊಡಗುತ್ತದೆ. ಅದಕ್ಕೇ ಒಂದರಿಂದ ಎರಡು ನಿಮಿಷ ಬೇಕು. ಅಷ್ಟರೊಳಗೆ ಗುಂಡಿ ಒತ್ತಿದರೆ ಕೆಲವು ಬೋರ್ಡ್‌ಗಳು ಅಲುಗುವುದೇ ಇಲ್ಲ, ಕೆಲವು ಫ್ಯಾನ್ ತಿರುಗಿಸುತ್ತಾ ಬಿಎಂಸಿಯ ಉತ್ತರಕ್ಕೆ ಕಾಯುತ್ತವೆ. ಸೂಪರ್‌ಮೈಕ್ರೋ ಬೋರ್ಡ್‌ಗಳಲ್ಲಿ ಇದನ್ನು ಕಣ್ಣಾರೆ ನೋಡಬಹುದು: ಬಿಎಂಸಿ ಸಿದ್ಧವಾದ ಮೇಲೆ ಒಂದು ಸಣ್ಣ ಹಸಿರು ಎಲ್‌ಇಡಿ ನಾಡಿಯ ಹಾಗೆ ಒಂದೇ ಲಯದಲ್ಲಿ ಮಿನುಗತೊಡಗುತ್ತದೆ. ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದು, ಆ ಮಿನುಗು ಶುರುವಾದ ಮೇಲೆ ಗುಂಡಿ ಒತ್ತಿ ನೋಡಿ. ಬೂಟ್ ಸಮಯ ಅರ್ಧಕ್ಕೆ ಇಳಿದರೆ ರೋಗದ ಮೂಲ ಸಿಕ್ಕಿದಂತೆ.

ನಮ್ಮ ಮನೆಗಳಲ್ಲಿ ರಾತ್ರಿ ಮಲಗುವಾಗ ಸ್ವಿಚ್ ಬೋರ್ಡಿನಲ್ಲೇ ಆಫ್ ಮಾಡುವುದು ಹಿರಿಯರಿಂದ ಬಂದ ರೂಢಿ. ಮಾಮೂಲಿ ಪಿಸಿಗೆ ಅದರಿಂದ ತೊಂದರೆಯಿಲ್ಲ. ಸರ್ವರ್ ಬೋರ್ಡಿಗೆ ಹಾಗೆ ಮಾಡಿದರೆ ದಿನಾ ಬೆಳಗ್ಗೆ ಬಿಎಂಸಿಯನ್ನು ಹೊಸದಾಗಿ ಎಬ್ಬಿಸಿದಂತೆ. ಕಂಪ್ಯೂಟರನ್ನು ಶಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ಚನ್ನು ಹಾಗೇ ಬಿಡಿ. ಖರ್ಚಿನ ಲೆಕ್ಕ ಇಷ್ಟೇ: ಸ್ಟ್ಯಾಂಡ್‌ಬೈನಲ್ಲಿ 8 ವಾಟ್ ಎಂದು ಹಿಡಿದರೆ, ದಿನಕ್ಕೆ 14 ಗಂಟೆಯಂತೆ ತಿಂಗಳಿಗೆ ಸುಮಾರು 3.4 ಯೂನಿಟ್. ಪದೇ ಪದೇ ಕರೆಂಟ್ ಹೋಗುವ ಊರಾದರೆ ಯುಪಿಎಸ್ ಕೂಡ ರಾತ್ರಿಯಿಡೀ ಆನ್ ಇರಲಿ. ಅರೆಕ್ಷಣ ಕರೆಂಟ್ ಹೋದರೂ ಬಿಎಂಸಿ ಮತ್ತೆ ಮೊದಲಿನಿಂದ ಏಳಬೇಕು. ಸಿಡಿಲಿನ ಮಳೆ ಬಂದಾಗ ಪ್ಲಗ್ ಕಿತ್ತಿಡಿ, ಆಗ ಮಾತ್ರ ಎರಡು ನಿಮಿಷ ಕಾಯುವುದೇ ಸರಿ.

ಬಿಎಂಸಿಯನ್ನು ಇಡೀ ದಿನ ಎಚ್ಚರವಾಗಿಟ್ಟರೆ ಒಂದು ಜವಾಬ್ದಾರಿಯೂ ಬರುತ್ತದೆ. ಹಳೆಯ ಸೂಪರ್‌ಮೈಕ್ರೋ ಬೋರ್ಡ್‌ಗಳ ಬಿಎಂಸಿಯ ಬಳಕೆದಾರ ಹೆಸರು, ಪಾಸ್‌ವರ್ಡ್ ಎರಡೂ ‘ಅಡ್ಮಿನ್’ ಎಂದೇ ಬರುತ್ತಿದ್ದವು. ಬಿಎಂಸಿಗೆಂದೇ ಮೀಸಲಾದ ಲ್ಯಾನ್ ಪೋರ್ಟಿಗೆ ಕೇಬಲ್ ಹಾಕದಿದ್ದರೂ ‘ಫೇಲ್‌ಓವರ್’ ಸೆಟ್ಟಿಂಗಿನಿಂದಾಗಿ ಅದು ಮಾಮೂಲಿ ಪೋರ್ಟಿನ ಮೂಲಕ ನೆಟ್‌ವರ್ಕಿಗೆ ಬಂದುಬಿಡುತ್ತದೆ. ಪಾಸ್‌ವರ್ಡ್ ಬದಲಿಸಿ, ರೂಟರಿನಲ್ಲಿ ಅದರ ವಿಳಾಸ ಹೊರಗಿನಿಂದ ತಲುಪದಂತೆ ನೋಡಿಕೊಳ್ಳಿ. ಇದನ್ನು ನಾಳೆಗೆ ಬಿಡಬೇಡಿ.

ಎರಡನೆಯದು ಮೆಮೊರಿ. ಪ್ರೊಸೆಸರ್ ಮತ್ತು ಡಿಮ್‌ಗಳ (ಮೆಮೊರಿ ಪಟ್ಟಿಗಳ) ನಡುವಿನ ಪ್ರತಿ ಸಿಗ್ನಲ್ ಗೆರೆಗೂ ಎಷ್ಟು ವಿಳಂಬ ಕೊಡಬೇಕು ಎಂದು ಬೋರ್ಡ್ ಅಳೆದು ಹೊಂದಿಸಿಕೊಳ್ಳುವುದಕ್ಕೆ ಮೆಮೊರಿ ಟ್ರೇನಿಂಗ್ ಎನ್ನುತ್ತಾರೆ. ಎರಡು ಮೆಮೊರಿ ಚಾನೆಲ್‌ನ (ಪ್ರೊಸೆಸರಿನಿಂದ ಮೆಮೊರಿಗೆ ಇರುವ ದಾರಿ) ಮನೆ ಪಿಸಿಗೂ ಎಂಟು ಚಾನೆಲ್‌ನ ಎಪಿಕ್‌ಗೂ ಇರುವ ವ್ಯತ್ಯಾಸ ಇಲ್ಲಿ ನೇರವಾಗಿ ಕಾಣುತ್ತದೆ. ಹೊಸ ಪೀಳಿಗೆಯ ಡಿಡಿಆರ್5 ಮೆಮೊರಿ ಆದರೆ ಇನ್ನೂ ಹೆಚ್ಚು ಹೊತ್ತು. ಜೊತೆಗೆ ಇಸಿಸಿ (ತಪ್ಪು ಬಿಟ್‌ಗಳನ್ನು ತಾನೇ ಸರಿಪಡಿಸುವ) ಮೆಮೊರಿಯ ಪರೀಕ್ಷಾ ಬಿಟ್‌ಗಳು ಸರಿಯಾಗಿರಬೇಕಾದರೆ ಇಡೀ ಮೆಮೊರಿಯನ್ನು ಒಮ್ಮೆ ಬರೆದು ಮುಗಿಸಬೇಕು. ಟ್ರೇನಿಂಗನ್ನು ಪೂರ್ತಿ ತಪ್ಪಿಸಲಾಗದು, ಆದರೆ ದಿನಾ ಮಾಡಿಸಬೇಕಾಗಿಲ್ಲ. ಕಳೆದ ಬಾರಿಯ ಅಳತೆಯನ್ನೇ ಮತ್ತೆ ಬಳಸುವ ಸೆಟ್ಟಿಂಗ್ ಇಂಟೆಲ್ ಬೋರ್ಡ್‌ಗಳಲ್ಲಿ ‘ಫಾಸ್ಟ್ ಬೂಟ್’, ‘ಫಾಸ್ಟ್ ಕೋಲ್ಡ್ ಬೂಟ್’ ಎಂಬಂಥ ಹೆಸರಿನಲ್ಲಿ, ಎಎಂಡಿ ಡಿಡಿಆರ್5 ಬೋರ್ಡ್‌ಗಳಲ್ಲಿ ‘ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್’ ಎಂದು ಇರುತ್ತದೆ. ಎಲ್ಲ ಬಯಾಸ್‌ಗಳಲ್ಲಿ ಇದು ಹೊರಗೆ ಕಾಣುವುದಿಲ್ಲ. ‘ಮೆಮೊರಿ ಟೆಸ್ಟ್’ ಎಂಬುದು ಆನ್ ಆಗಿದ್ದರೆ ಆಫ್ ಮಾಡಿ. ಹೊಸ ಡಿಮ್ ಹಾಕಿದ ದಿನ ಮಾತ್ರ ಆನ್ ಮಾಡಿ ಒಂದು ಸುತ್ತು ಓಡಿಸಿ.

ಬಳಸಿದ ಬೋರ್ಡ್ ಎಂದಮೇಲೆ ನಾಣ್ಯದಾಕಾರದ ಸಿಆರ್2032 ಬ್ಯಾಟರಿಯನ್ನು ಮೊದಲ ದಿನವೇ ಬದಲಿಸಿ. ಅದು ಸತ್ತಿದ್ದರೆ, ಗೋಡೆಯ ಸ್ವಿಚ್ ಆರಿಸಿದ ಪ್ರತಿ ಸಲವೂ ಬಯಾಸ್ ಸೆಟ್ಟಿಂಗ್ ಅಳಿಸಿಹೋಗಿ ಟ್ರೇನಿಂಗ್ ಮೊದಲಿನಿಂದ ನಡೆಯಬಹುದು. ಮಲ್ಟಿಮೀಟರಿನಲ್ಲಿ 3 ವೋಲ್ಟ್ ಆಸುಪಾಸು ಬರಬೇಕು, 2.7ಕ್ಕಿಂತ ಕೆಳಗಿದ್ದರೆ ಎಸೆಯಿರಿ. ಇನ್ನೊಂದು, ಡಿಮ್ ಸರಿಯಾಗಿ ಕೂರದಿದ್ದರೆ ಬೋರ್ಡ್ ಮತ್ತೆ ಮತ್ತೆ ಪ್ರಯತ್ನಿಸಿ ಕೊನೆಗೆ ಆ ಡಿಮ್ಮನ್ನು ಕೈಬಿಟ್ಟು ಮುಂದೆ ಹೋಗುತ್ತದೆ. ಹೊರಗಿನಿಂದ ನೋಡಿದರೆ ನಿಧಾನ ಮಾತ್ರ ಕಾಣುತ್ತದೆ. 32 ಜಿಬಿಯ ಎಂಟು ಡಿಮ್ ಹಾಕಿಯೂ 256ರ ಬದಲು 224 ಜಿಬಿ ತೋರಿಸಿದರೆ ಒಂದು ಡಿಮ್ ಹೊರಗುಳಿದಿದೆ ಎಂದರ್ಥ. ಎಪಿಕ್‌ನಲ್ಲಿ ತಪ್ಪು ಡಿಮ್ಮಿನದೇ ಆಗಿರಬೇಕಿಲ್ಲ: 4094 ಪಿನ್‌ಗಳ ಸಾಕೆಟ್ಟಿನ ಮೂರು ಸ್ಕ್ರೂಗಳನ್ನು 1, 2, 3 ಕ್ರಮದಲ್ಲಿ, ಕೈಪಿಡಿ ಹೇಳಿದಷ್ಟೇ ಬಿಗಿಯಾಗಿ ತಿರುಗಿಸದಿದ್ದರೆ ಒಂದು ಚಾನೆಲ್ಲೇ ಕಾಣೆಯಾಗುತ್ತದೆ.

ಈಗ ಎಲ್ಲಿ ನಿಂತಿದೆ ಎಂದು ತಿಳಿಯುವ ಬಗೆ. ಪರದೆಯ ಕೆಳಮೂಲೆಯಲ್ಲೋ ಬಿಎಂಸಿಯ ವೆಬ್ ಪುಟದಲ್ಲೋ ಎರಡಕ್ಷರದ ಪೋಸ್ಟ್ ಕೋಡ್ ಬರುತ್ತದೆ (ಪೋಸ್ಟ್ ಎಂದರೆ ಆನ್ ಆದಾಗ ಬೋರ್ಡ್ ಮಾಡಿಕೊಳ್ಳುವ ಸ್ವಯಂಪರೀಕ್ಷೆ). ಡಿಡಿಆರ್4 ಝಿಯಾನ್ ಬೋರ್ಡ್‌ಗಳಲ್ಲಿ ಬಿ0ಯಿಂದ ಶುರುವಾಗುವ ಸಾಲು ಮೆಮೊರಿಯದು. ಬಿ7 ಎಂದರೆ ಟ್ರೇನಿಂಗ್, ಬಿ9 ಎಂದರೆ ಮೆಮೊರಿ ಪರೀಕ್ಷೆ. 92, 94ರಲ್ಲಿ ನಿಂತಿದ್ದರೆ ಪಿಸಿಐ ಕಾರ್ಡ್‌ಗಳ ಎಣಿಕೆ. ಎ2ರಲ್ಲಿ ನಿಂತಿದ್ದರೆ ಡಿಸ್ಕ್‌ಗಳ ಹುಡುಕಾಟ. ಲಿನಕ್ಸ್ ಏರಿದ ಮೇಲೆ ‘ಸಿಸ್ಟಮ್‌ಡಿ-ಅನಲೈಜ್’ ಆದೇಶ ಕೊಟ್ಟರೆ ಫರ್ಮ್‌ವೇರ್, ಲೋಡರ್, ಕರ್ನೆಲ್, ಯೂಸರ್‌ಸ್ಪೇಸ್ ಎಂದು ಸೆಕೆಂಡ್‌ಗಳನ್ನು ಬಿಡಿಸಿ ಹೇಳುತ್ತದೆ (ಫರ್ಮ್‌ವೇರ್ ಲೆಕ್ಕ ಯುಇಎಫ್‌ಐ ಎಂಬ ಹೊಸ ವಿಧಾನದ ಬೂಟ್ ಆದರೆ ಮಾತ್ರ). ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರಿನ ಸ್ಟಾರ್ಟ್‌ಅಪ್ ಪುಟದ ಮೇಲ್ತುದಿಯಲ್ಲಿ ‘ಲಾಸ್ಟ್ ಬಯಾಸ್ ಟೈಮ್’ ಇದೆ. ಪ್ರೊಸೆಸರ್ ಓಡುವ ಮೊದಲು ಬಿಎಂಸಿಗಾಗಿ ಕಾದ ಹೊತ್ತು ಇವೆರಡರಲ್ಲೂ ಸೇರುವುದಿಲ್ಲ. ಸ್ಟಾಪ್‌ವಾಚ್ ಹಿಡಿಯಿರಿ ಎಂದದ್ದು ಅದಕ್ಕೇ.

ಕಾರ್ಡ್‌ಗಳ ಹಂತದಲ್ಲಿ ಉಳಿಸಬಹುದಾದದ್ದು ಬಹಳ. ಬೂಟ್ ಮೋಡ್ ‘ಡ್ಯುಯಲ್’ ಎಂದಿದ್ದರೆ ಬರೀ ‘ಯುಇಎಫ್‌ಐ’ ಮಾಡಿ (ಹಳೆಯ ವಿಧಾನದಲ್ಲಿ ಓಎಸ್ ಹಾಕಿದ್ದರೆ ಅದು ಬೂಟ್ ಆಗದು, ಮೊದಲೇ ನೋಡಿಕೊಳ್ಳಿ). ಲ್ಯಾನ್ ಪೋರ್ಟ್‌ಗಳ ಆಪ್ಷನ್ ರಾಮ್ (ಬೂಟ್ ವೇಳೆ ಓಡುವ, ಕಾರ್ಡಿನದೇ ಪುಟ್ಟ ಪ್ರೋಗ್ರಾಂ) ಮತ್ತು ‘ನೆಟ್‌ವರ್ಕ್ ಸ್ಟ್ಯಾಕ್’ ಆಫ್ ಮಾಡಿ. ಇಲ್ಲದಿದ್ದರೆ ಬೂಟ್ ಸಾಲಿನಲ್ಲಿ ನೆಟ್‌ವರ್ಕ್ ಮೇಲಿದ್ದಾಗ ಪ್ರತಿ ಪೋರ್ಟಿನಲ್ಲೂ ಐಪಿವಿ4ಗೆ ಒಮ್ಮೆ, ಐಪಿವಿ6ಗೆ ಒಮ್ಮೆ ಕಾದು ಸೋಲುತ್ತದೆ. ಎಲ್‌ಎಸ್‌ಐ 9211, 9300ರಂಥ ಎಚ್‌ಬಿಎ (ಹಲವು ಡಿಸ್ಕ್ ಜೋಡಿಸುವ) ಕಾರ್ಡಿನಿಂದ ಬೂಟ್ ಮಾಡುತ್ತಿಲ್ಲವಾದರೆ ಅದು ಕೂತ ಸ್ಲಾಟಿನ ಆಪ್ಷನ್ ರಾಮ್ ‘ಡಿಸೇಬಲ್ಡ್’ ಆಗಲಿ. ಡಿಸ್ಕ್‌ಗಳನ್ನು ಒಂದೊಂದಾಗಿ ಎಣಿಸುವ ಆ ಉದ್ದ ಪಟ್ಟಿ ಹೋಗುತ್ತದೆ, ಓಎಸ್ ಬಂದ ಮೇಲೆ ಡಿಸ್ಕ್‌ಗಳು ಎಂದಿನಂತೆ ಸಿಗುತ್ತವೆ. ಆದರೆ ಗ್ರಾಫಿಕ್ಸ್ ಕಾರ್ಡಿನ ಸ್ಲಾಟನ್ನು ಮುಟ್ಟಬೇಡಿ, ಅದನ್ನು ‘ಇಎಫ್‌ಐ’ ಎಂದೇ ಇಡಿ. ‘ವೇಟ್ ಫಾರ್ ಎಫ್1’ ಕೂಡ ಆಫ್ ಇರಲಿ. ಇಲ್ಲದಿದ್ದರೆ ಫ್ಯಾನ್ ತಪ್ಪಿನ ಒಂದು ಸಂದೇಶಕ್ಕೆ ಯಂತ್ರ ಕೀಲಿ ಒತ್ತುವವರೆಗೆ ನಿಂತುಬಿಡುತ್ತದೆ.

ಕೆಲವೊಮ್ಮೆ ನಿಧಾನವೇ ಇರುವುದಿಲ್ಲ, ಚಿತ್ರ ಬೇರೆ ಕಡೆ ಹೋಗುತ್ತಿರುತ್ತದೆ. ಬೋರ್ಡಿನ ವಿಜಿಎ ಪೋರ್ಟೇ ಮೊದಲ ಪರದೆಯಾಗಿದ್ದರೆ ಗ್ರಾಫಿಕ್ಸ್ ಕಾರ್ಡಿಗೆ ಹಾಕಿದ ಮಾನಿಟರ್ ಓಎಸ್ ಬರುವವರೆಗೂ ಕಪ್ಪಾಗಿರುತ್ತದೆ. ‘ವಿಜಿಎ ಪ್ರಯಾರಿಟಿ’ಯನ್ನು ‘ಆಫ್‌ಬೋರ್ಡ್’ ಮಾಡಿ.

ಇಷ್ಟಾದ ಮೇಲೂ ಲಿನಕ್ಸ್ ತಡವಾದರೆ ಎರಡು ಕಡೆ ನೋಡಿ. ಸರ್ವರ್ ಬೋರ್ಡಿನಲ್ಲಿ ಎರಡಾದರೂ ಲ್ಯಾನ್ ಪೋರ್ಟ್ ಇರುತ್ತವೆ, ಕೆಲವದರಲ್ಲಿ ಬಿಎಂಸಿ ಯುಎಸ್‌ಬಿ ಮೂಲಕ ಇನ್ನೊಂದು ನಕಲಿ ಪೋರ್ಟನ್ನೂ ತೋರಿಸುತ್ತದೆ. ಕೇಬಲ್ಲೇ ಇಲ್ಲದ ಪೋರ್ಟಿಗಾಗಿ ಸಿಸ್ಟಮ್‌ಡಿಯ (ಲಿನಕ್ಸ್‌ನ ಸೇವೆಗಳನ್ನು ಎಬ್ಬಿಸುವ ತಂತ್ರಾಂಶ) ‘ವೇಟ್-ಆನ್‌ಲೈನ್’ ಸೇವೆ 120 ಸೆಕೆಂಡ್ ಕಾಯುತ್ತದೆ. ಉಬುಂಟು ಸರ್ವರ್‌ನ ನೆಟ್‌ಪ್ಲಾನ್ (ನೆಟ್‌ವರ್ಕ್ ಸೆಟ್ಟಿಂಗ್) ಕಡತದಲ್ಲಿ ಆ ಪೋರ್ಟಿನ ಕೆಳಗೆ ‘ಆಪ್ಷನಲ್: ಟ್ರೂ’ ಎಂದು ಬರೆದರೆ ಎರಡು ನಿಮಿಷ ಉಳಿಯುತ್ತದೆ. ಇನ್ನೊಂದು, ಹಳೆಯ ಮಾಲೀಕರು ಬಿಟ್ಟುಹೋದ ಸೀರಿಯಲ್ ಕನ್ಸೋಲ್ ಸೆಟ್ಟಿಂಗ್, ಅಂದರೆ ಬೂಟ್ ಸಂದೇಶಗಳನ್ನು ಸೀರಿಯಲ್ ಪೋರ್ಟಿಗೂ ಕಳಿಸುವುದು. 9600 ಬಾಡ್ ವೇಗದಲ್ಲಿ ಸೆಕೆಂಡಿಗೆ ಹೋಗುವುದು 960 ಅಕ್ಷರ. ಕರ್ನೆಲ್ಲಿನ ಒಂದು ಲಕ್ಷ ಅಕ್ಷರದ ಸಂದೇಶಗಳಿಗೆ 104 ಸೆಕೆಂಡ್. 115200ಕ್ಕೆ ಏರಿಸಿದರೆ 9 ಸೆಕೆಂಡ್ ಸಾಕು, ಬೇಡವಾದರೆ ಗ್ರಬ್ (ಬೂಟ್ ಲೋಡರ್) ಸಾಲಿನಿಂದ ತೆಗೆದೇಬಿಡಿ.

ಎಂಟು ಡಿಮ್‌ನ ಬೋರ್ಡಿನಲ್ಲಿ ಎಲ್ಲ ಮಾಡಿದರೂ ಒಂದು ನಿಮಿಷದ ಆಸುಪಾಸು ಉಳಿಯುತ್ತದೆ. ಬಹುಪಾಲು ಸರ್ವರ್ ಬೋರ್ಡ್‌ಗಳಲ್ಲಿ ಸ್ಲೀಪ್ ಇಲ್ಲ. ಹೈಬರ್ನೇಟ್ ಮಾಡಿದರೂ ಪೋಸ್ಟ್ ಪೂರ್ತಿ ಮತ್ತೆ ನಡೆಯುತ್ತದೆ. ಉಳಿದ ಆ ನಿಮಿಷಕ್ಕೆ ಬಿಎಂಸಿಯೇ ಮದ್ದು. ಮನೆಯಲ್ಲಿ ಸದಾ ಓಡುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇದ್ದರೆ ಅದರ ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ಕೆಲಸ ಮಾಡಿಸುವ ಸೌಲಭ್ಯ) ಬೆಳಗ್ಗೆ 8:55ಕ್ಕೆ ಬಿಎಂಸಿಯ ವಿಳಾಸಕ್ಕೆ ‘ಐಪಿಎಂಐಟೂಲ್ ಚಾಸಿಸ್ ಪವರ್ ಆನ್’ ಆದೇಶ ಹೋಗುವಂತೆ ಬರೆದಿಡಿ. ಒಂಬತ್ತಕ್ಕೆ ಕುರ್ಚಿ ಎಳೆದು ಕೂತಾಗ ಪರದೆಯ ಮೇಲೆ ಲಾಗಿನ್ ಕಾದಿರುತ್ತದೆ.